ಮಕ್ಕಳ ಮಾತು ಅಂದಾಜುಪಟ್ಟಿಗೆ ಇಳಿಯಬೇಕಾದರೆ

ವಾರ್ಡಿನ ಪಾರ್ಕು, ಶಾಲೆಗೆ ಹೋಗುವ ಫುಟ್‌ಪಾತ್, ಶಾಲೆಯ ಶೌಚಾಲಯ, ಬಸ್ ತಂಗುದಾಣ ಇವುಗಳ ನಕ್ಷೆ ಬರೆಯುವಾಗ ದಿನವೂ ಬಳಸುವ ಮಕ್ಕಳನ್ನು ಯಾರೂ ಕೇಳುವುದಿಲ್ಲ. ಕೇಳುವ ಶಾಸ್ತ್ರ ಮಾಡಿದರೂ ‘ನನ್ನ ಕನಸಿನ ನಗರ’ ಅಂತ ಒಂದು ಚಿತ್ರಕಲಾ ಸ್ಪರ್ಧೆ ಇಟ್ಟು, ಮೂವರಿಗೆ ಬಹುಮಾನ ಕೊಟ್ಟು, ಫೋಟೋ ತೆಗೆಸಿ ಕೈತೊಳೆದುಕೊಳ್ಳುತ್ತಾರೆ. ಆ ಚಿತ್ರಗಳಿಂದ ಎಂಜಿನಿಯರಿಗೆ ಅಂದಾಜುಪಟ್ಟಿ (ಕೆಲಸದ ಅಳತೆ, ಖರ್ಚಿನ ಲೆಕ್ಕ) ಮಾಡಲು ಬರುವುದಿಲ್ಲ. ಅಂದಾಜುಪಟ್ಟಿ ಇಲ್ಲದೆ ಟೆಂಡರ್ ಇಲ್ಲ, ಟೆಂಡರ್ ಇಲ್ಲದೆ ಕಾಮಗಾರಿ ಇಲ್ಲ.

ಆದ್ದರಿಂದ ಮಕ್ಕಳಿಂದ ಕನಸು ಬರೆಸುವ ಬದಲು ಅಳತೆ ತೆಗೆಸಬೇಕು, ಇನ್ನೂ ತೀರ್ಮಾನವಾಗದೆ ಉಳಿದಿರುವ ವಿಷಯದ ಬಗ್ಗೆ ಮಾತ್ರ ಕೇಳಬೇಕು. ಕೆಳಗಿನ ಕ್ರಮ 11ರಿಂದ 16 ವರ್ಷದ ಮಕ್ಕಳಿಗೆ, ಕರ್ನಾಟಕದ ಯಾವುದಾದರೂ ಪಟ್ಟಣದ ಒಂದು ಶಾಲೆಯ ಸುತ್ತಮುತ್ತಲಿಗೆ ಹೊಂದುತ್ತದೆ. ಶಿಕ್ಷಕರು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರು, ಬಡಾವಣೆಯ ಸಂಘದವರು, ಆರ್ಕಿಟೆಕ್ಚರ್ ಓದುತ್ತಿರುವ ವಿದ್ಯಾರ್ಥಿಗಳು ಯಾರು ಬೇಕಾದರೂ ನಡೆಸಬಹುದು.

ಹಳ್ಳಿಯಲ್ಲಿದ್ದರೆ ಅರ್ಧ ದಾರಿ ಸಿದ್ಧವಾಗಿಯೇ ಇದೆ. ಕುಂದಾಪುರ ತಾಲ್ಲೂಕಿನಲ್ಲಿ 1990ರ ದಶಕದಲ್ಲಿ ಮಕ್ಕಳ ಪಂಚಾಯಿತಿಗಳು ಶುರುವಾದವು. 2006ರಲ್ಲಿ ಸರ್ಕಾರ ಸುತ್ತೋಲೆ ಹೊರಡಿಸಿ, ಎಲ್ಲ ಗ್ರಾಮ ಪಂಚಾಯಿತಿಗಳೂ ಮಕ್ಕಳ ಗ್ರಾಮ ಸಭೆ ನಡೆಸಬೇಕು ಎಂದಿತು. ಅಲ್ಲಿ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಎದುರು ಕೂತು ಕಾಲುಸಂಕದ ಬಗ್ಗೆಯೋ ಬೀದಿದೀಪದ ಬಗ್ಗೆಯೋ ಮಕ್ಕಳು ನೇರವಾಗಿ ಕೇಳಬಹುದು. ಪಟ್ಟಣದಲ್ಲಿ ಅಷ್ಟು ನೇರ ದಾರಿ ಸಿಗುವುದು ಕಷ್ಟ. ಸಂವಿಧಾನದ 243ಎಸ್ ವಿಧಿಯ ಪ್ರಕಾರ 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಊರುಗಳಲ್ಲಿ ವಾರ್ಡ್ ಸಮಿತಿ ಇರಬೇಕು. ಅದು ನಿಜಕ್ಕೂ ಸೇರುತ್ತದೆಯೋ ಇಲ್ಲವೋ ಎನ್ನುವುದು ಊರಿಂದ ಊರಿಗೆ ಬೇರೆ. ಸೇರದ ಕಡೆ ಮುಂದಿನ ಕೆಲಸವನ್ನೆಲ್ಲ ಎಂಜಿನಿಯರ್ ಮತ್ತು ಆಯುಕ್ತರ ಕಚೇರಿಯ ಮೂಲಕವೇ ಮಾಡಬೇಕಾಗುತ್ತದೆ.

ಮೊದಲು ಜೆಇ ಹತ್ತಿರ ಹೋಗಿ

ಮಕ್ಕಳನ್ನು ಸೇರಿಸುವ ಮೊದಲೇ ವಾರ್ಡಿನ ಜೆಇಯನ್ನು (ಕಿರಿಯ ಎಂಜಿನಿಯರ್) ಕಂಡು ಒಂದೇ ಪ್ರಶ್ನೆ ಕೇಳಿ: ಈ ಶಾಲೆಯ ಸುತ್ತ 400 ಮೀಟರಿನೊಳಗೆ ಈ ವರ್ಷ, ಬರುವ ವರ್ಷ ಯಾವ ಯಾವ ಕೆಲಸ ಇದೆ, ಪ್ರತಿಯೊಂದೂ ಎಲ್ಲಿಗೆ ಬಂದಿದೆ?

ಉತ್ತರ ಸಾಮಾನ್ಯವಾಗಿ ನಾಲ್ಕರಲ್ಲೊಂದು. ಕೆಲಸ ಬರೀ ಮಾತಿನಲ್ಲಿದ್ದರೆ ಜಾಗ, ಅಳತೆ, ಏನು ಕಟ್ಟಬೇಕು ಎಲ್ಲವೂ ಬದಲಾಗಬಹುದು. ಕ್ರಿಯಾ ಯೋಜನೆಗೆ ಸೇರಿದ್ದರೆ ಮೊತ್ತ ಮತ್ತು ಕೆಲಸದ ಹೆಸರು ನಿಗದಿಯಾಗಿರುತ್ತದೆ, ಒಳಗಿನ ವಿನ್ಯಾಸ ಇನ್ನೂ ಕೈಯಲ್ಲಿರುತ್ತದೆ. ಅಂದಾಜುಪಟ್ಟಿಗೆ ಮಂಜೂರಾತಿ ಸಿಕ್ಕಿದ್ದರೆ ಬೆಂಚು ಎಲ್ಲಿ, ಗೇಟು ಯಾವ ಕಡೆ, ಯಾವ ಗಿಡ ಎನ್ನುವಷ್ಟನ್ನು ಬದಲಿಸಬಹುದು. ಕಾರ್ಯಾದೇಶ ಹೊರಟು ಗುತ್ತಿಗೆದಾರ ಜಲ್ಲಿ ಸುರಿದಿದ್ದರೆ ಮಕ್ಕಳನ್ನು ಕೇಳುವುದೇ ಬೇಡ. ಏನೂ ಬದಲಾಗದ ಕಡೆ ಅಭಿಪ್ರಾಯ ಕೇಳಿದರೆ, ಕೇಳುವುದೆಲ್ಲ ನಾಟಕ ಎಂಬ ಪಾಠವನ್ನು ಮಕ್ಕಳು ಒಂದೇ ಸಲಕ್ಕೆ ಕಲಿತುಬಿಡುತ್ತಾರೆ. ಮಕ್ಕಳ ಭಾಗವಹಿಸುವಿಕೆಗೆ ಸಂಶೋಧಕ ರೋಜರ್ ಹಾರ್ಟ್ 1992ರಲ್ಲಿ 8 ಮೆಟ್ಟಿಲಿನ ಏಣಿಯೊಂದನ್ನು ಮುಂದಿಟ್ಟರು. ಅದರ ಕೆಳಗಿನ ಮೂರು ಮೆಟ್ಟಿಲುಗಳನ್ನು ಅವರು ಭಾಗವಹಿಸುವಿಕೆ ಎಂದೇ ಒಪ್ಪಲಿಲ್ಲ. ನಮ್ಮಲ್ಲಿ ಶಾಲು ಹೊದಿಸಿ ಮುಗಿಸುವ ಕಾರ್ಯಕ್ರಮಗಳ ಜಾಗ ಅಲ್ಲಿಯೇ.

ಇಡೀ ನಗರದ ಮಹಾಯೋಜನೆಯನ್ನೇ (ಮಾಸ್ಟರ್ ಪ್ಲಾನ್) ಕೈಗೆತ್ತಿಕೊಳ್ಳುವ ಆಸೆ ಕೆಲವರಿಗೆ ಬರುತ್ತದೆ. ಬೇಡ. ಬೆಂಗಳೂರಿನ 2031ರ ಪರಿಷ್ಕೃತ ಮಹಾಯೋಜನೆಯ ಕರಡು 2017ರಲ್ಲಿ ಹೊರಬಂತು, ಆಕ್ಷೇಪಣೆಗಳು ರಾಶಿ ಬಿದ್ದವು, 2020ರಲ್ಲಿ ಕರಡನ್ನೇ ಹಿಂದಕ್ಕೆ ಪಡೆದರು. ಆ ಕರಡು ಹೊರಬಂದಾಗ ಎಂಟನೇ ತರಗತಿಯಲ್ಲಿದ್ದವರು ಅಷ್ಟರಲ್ಲಿ ಶಾಲೆ ಬಿಟ್ಟಾಗಿತ್ತು. ಶಾಲೆಯಲ್ಲಿರುವಾಗಲೇ ಕಣ್ಣಿಗೆ ಕಾಣುವ ಕೆಲಸ ಆರಿಸಿ.

ಕ್ಯಾಲೆಂಡರ್

ಹಣಕಾಸು ವರ್ಷ ಏಪ್ರಿಲ್ 1ಕ್ಕೆ ಶುರು. ಪಾಲಿಕೆ, ನಗರಸಭೆಗಳ ಬಜೆಟ್ ಪೂರ್ವಭಾವಿ ಸಭೆಗಳು ಹೆಚ್ಚಾಗಿ ಡಿಸೆಂಬರಿನಿಂದ ಫೆಬ್ರವರಿ ಒಳಗೆ ನಡೆಯುತ್ತವೆ. ಮಕ್ಕಳ ಮನವಿ ನವೆಂಬರ್ ಕೊನೆಯೊಳಗೆ ಕಚೇರಿ ಸೇರಬೇಕಾದರೆ ಜುಲೈಯಲ್ಲಿ ಕೆಲಸ ಹಿಡಿಯಬೇಕು. ಮಳೆ ಅಂತ ಹಿಂದೆಗೆಯಬೇಡಿ. ನೀರು ಎಲ್ಲಿ ನಿಲ್ಲುತ್ತದೆ, ಯಾವ ಸ್ಲ್ಯಾಬ್ ಕೆಳಗೆ ಚರಂಡಿ ಉಕ್ಕುತ್ತದೆ, ಮಕ್ಕಳು ಎಲ್ಲಿ ಫುಟ್‌ಪಾತ್ ಬಿಟ್ಟು ರಸ್ತೆಗೆ ಇಳಿಯುತ್ತಾರೆ ಎನ್ನುವುದು ಮಳೆಗಾಲದಲ್ಲಿ ಮಾತ್ರ ಕಾಣುತ್ತದೆ. ಫೆಬ್ರವರಿಯಲ್ಲಿ ಸಮೀಕ್ಷೆ ಮಾಡಿದರೆ ರಸ್ತೆಯೆಲ್ಲ ಚೆನ್ನಾಗಿಯೇ ಕಾಣುತ್ತದೆ.

ಒಟ್ಟು ಆರು ಬೈಠಕ್ ಸಾಕು, ಒಂದೊಂದು ಒಂದೂವರೆಯಿಂದ ಎರಡು ಗಂಟೆ. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಸಮಯ ಸಿಗುತ್ತದೆ. ದಸರಾ ರಜೆಯನ್ನು ಮಧ್ಯೆ ಸಿಕ್ಕಿಸಿಕೊಳ್ಳಬೇಡಿ, ರಜೆ ಮುಗಿಸಿ ಬಂದ ಗುಂಪಿಗೆ ಎಲ್ಲವನ್ನೂ ಮತ್ತೆ ಹೇಳಬೇಕಾಗುತ್ತದೆ. ಎಸ್‌ಎಸ್‌ಎಲ್‌ಸಿ ಮಕ್ಕಳು ಡಿಸೆಂಬರ್ ನಂತರ ಸಿಗುವುದಿಲ್ಲ, ಹಾಗಾಗಿ ಗುಂಪಿನ ತೂಕ ಏಳರಿಂದ ಒಂಬತ್ತನೇ ತರಗತಿಯ ಮೇಲಿರಲಿ. ಸ್ಥಳೀಯ ಚುನಾವಣೆಯ ಸುದ್ದಿ ಇದ್ದರೆ ಮೊದಲೇ ವಿಚಾರಿಸಿ. ನೀತಿ ಸಂಹಿತೆ ಬಂದರೆ ಹೊಸ ಕಾಮಗಾರಿಯ ಮಾತೇ ನಿಂತುಹೋಗುತ್ತದೆ.

ಗುಂಪು ಮತ್ತು ಒಪ್ಪಿಗೆ

25ರಿಂದ 30 ಮಕ್ಕಳು, ಐದಾರು ಜನರ ಐದು ಗುಂಪು. ಅರ್ಧದಷ್ಟು ಹುಡುಗಿಯರು. ಕ್ಲಾಸ್ ಟೀಚರ್ ಹತ್ತಿರ ‘ಒಳ್ಳೆ ಮಕ್ಕಳನ್ನು ಕಳಿಸಿ’ ಅಂದರೆ ಭಾಷಣ ಸ್ಪರ್ಧೆಯಲ್ಲಿ ಗೆದ್ದವರೇ ಬರುತ್ತಾರೆ, ಅವರಲ್ಲಿ ಅರ್ಧ ಜನ ವ್ಯಾನಿನಲ್ಲಿ ಓಡಾಡುವವರಾಗಿರುತ್ತಾರೆ. ಆರಿಸುವಾಗ ಬೇರೆ ಪ್ರಶ್ನೆ ಕೇಳಿ: ಯಾರು ನಡೆದು ಬರುತ್ತಾರೆ, ಯಾರು ಸೈಕಲ್, ಯಾರು ಸಿಟಿ ಬಸ್ಸು, ಯಾರು ತಂಗಿ ತಮ್ಮನನ್ನು ಅಂಗನವಾಡಿಗೆ ಬಿಟ್ಟು ಬರುತ್ತಾರೆ, ಯಾರು ಹಾಸ್ಟೆಲಿನಲ್ಲಿದ್ದಾರೆ, ಯಾರಿಗೆ ನಡೆಯಲು ಅಥವಾ ನೋಡಲು ಕಷ್ಟ. ಪ್ರತಿ ಬಗೆಯಿಂದಲೂ ಇಬ್ಬರಾದರೂ ಇರಲಿ. ಒಬ್ಬರೇ ಇದ್ದರೆ ಬಾಯಿ ಬಿಡುವುದಿಲ್ಲ.

ಪ್ರತಿ ಗುಂಪಿಗೆ ಒಬ್ಬರು ದೊಡ್ಡವರು ಬೇಕು. ದೊಡ್ಡವರು ಪೆನ್ನು ಮುಟ್ಟಬಾರದು. ಈ ಒಂದು ನಿಯಮ ಪಾಲಿಸುವುದೇ ಎಲ್ಲಕ್ಕಿಂತ ಕಷ್ಟ. ಮಗು ‘ಗಲೀಜು ಮೂಲೆ’ ಎಂದು ಬರೆದದ್ದನ್ನು ‘ನೈರ್ಮಲ್ಯದ ಕೊರತೆ ಇರುವ ಪ್ರದೇಶ’ ಎಂದು ತಿದ್ದಿದ ಕೂಡಲೇ ಆ ಮೂಲೆ ಎಲ್ಲಿದೆ ಎನ್ನುವುದೇ ಕಳೆದುಹೋಗುತ್ತದೆ.

ಮುಖ್ಯೋಪಾಧ್ಯಾಯರು ಮತ್ತು ಎಸ್‌ಡಿಎಂಸಿಯ ಒಪ್ಪಿಗೆ, ಸರ್ಕಾರಿ ಶಾಲೆಯಾದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಒಂದು ಪತ್ರ, ತಂದೆತಾಯಿಯ ಸಹಿ ಬೇಕು. ಪತ್ರ ಕನ್ನಡದಲ್ಲಿರಲಿ, ಬೇಕಾದ ಕಡೆ ಉರ್ದುವಿನಲ್ಲೋ ತಮಿಳಿನಲ್ಲೋ ಇನ್ನೊಂದು ಪ್ರತಿ ಇರಲಿ. ಫೋಟೋಕ್ಕೆ ಬೇರೆಯದೇ ಸಹಿ ಕೇಳಿ, ನಡಿಗೆಗೆ ಒಪ್ಪಿದವರೆಲ್ಲ ಫೋಟೋಕ್ಕೂ ಒಪ್ಪಿದ್ದಾರೆ ಅಂದುಕೊಳ್ಳಬೇಡಿ.

ತರಗತಿಯಲ್ಲಿ ಬೀಗ ಹಾಕಿದ ಒಂದು ಪೆಟ್ಟಿಗೆ ಇಡಿ, ಮೇಲೆ ಚೀಟಿ ಹಾಕುವಷ್ಟು ಸಂದು. ಹೆಸರಿಲ್ಲದ ಚೀಟಿ. ಚುಡಾಯಿಸುವವರು ನಿಲ್ಲುವ ಮೂಲೆ, ಬಾರಿನ ಮುಂದಿನ ದಾರಿ, ಹಿಂಬಾಲಿಸಿದ ಘಟನೆ ಇವೆಲ್ಲ ಗುಂಪಿನಲ್ಲಿ ಬಾಯಿಗೆ ಬರುವುದಿಲ್ಲ, ಪೆಟ್ಟಿಗೆಗೆ ಬರುತ್ತವೆ. ಈ ಚೀಟಿಗಳನ್ನು ಜೋರಾಗಿ ಓದಬಾರದು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದ ಸುಳಿವು ಸಿಕ್ಕರೆ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಅದು ನಿಮ್ಮ ಇಷ್ಟಕ್ಕೆ ಬಿಟ್ಟದ್ದಲ್ಲ. ಮಕ್ಕಳ ಸಹಾಯವಾಣಿ 1098ರ ಸಂಖ್ಯೆಯನ್ನು ಪೆಟ್ಟಿಗೆಯ ಮೇಲೆಯೇ ಬರೆದಿಡಿ.

ಸಾಮಾನು

30 ಮೀಟರಿನ ಟೇಪು ಎರಡು, 5 ಮೀಟರಿನದು ಐದು, ಎಕ್ಸಾಂ ಪ್ಯಾಡ್ ಹತ್ತು, ಮೂರು ಬಣ್ಣದ ಸ್ಕೆಚ್ ಪೆನ್, ಟ್ರೇಸಿಂಗ್ ಪೇಪರ್, ಸೀಮೆಸುಣ್ಣ, ಸುತಲಿ, ಸ್ಟಾಪ್‌ವಾಚ್ ಇರುವ ಐದು ಫೋನು, ಹಳೆಯ ರಟ್ಟಿನ ಪೆಟ್ಟಿಗೆಗಳು, ಒಂದು ಕಿಲೋ ಹುಣಿಸೆ ಬೀಜ. ಜೊತೆಗೆ ಸರಿಯಾಗಿ 95 ಸೆಂಟಿಮೀಟರಿಗೆ ಕತ್ತರಿಸಿದ ಐದು ಕೋಲು, ಅವು ಯಾಕೆ ಎನ್ನುವುದು ಮುಂದೆ ಬರುತ್ತದೆ. ತಿಂಡಿಗೆ ತಲೆಗೆ 20 ರೂಪಾಯಿಯಂತೆ ಆರು ದಿನಕ್ಕೆ 3,600 ಆಗುತ್ತದೆ, ಎಲ್ಲ ಸೇರಿ ಏಳೆಂಟು ಸಾವಿರದ ಒಳಗೆ ಮುಗಿಸಬಹುದು. ತಿಂಡಿಯಲ್ಲಿ ಉಳಿಸಲು ಹೋಗಬೇಡಿ, ಶನಿವಾರ ಮಧ್ಯಾಹ್ನ ಹಸಿದ ಮಕ್ಕಳು ಅಳತೆ ತಪ್ಪಿಸುತ್ತಾರೆ.

ನಕ್ಷೆ

ಶಾಲೆಯನ್ನು ನಡುವೆ ಇಟ್ಟು ಉದ್ದಕ್ಕೆ ಎರಡೂ ಕಡೆ ಸುಮಾರು 400 ಮೀಟರ್, ಅಗಲಕ್ಕೆ ಎರಡೂ ಕಡೆ ಸುಮಾರು 300 ಮೀಟರ್ ಬರುವಂತೆ ಇಂಟರ್‌ನೆಟ್ಟಿನ ಓಪನ್‌ಸ್ಟ್ರೀಟ್‌ಮ್ಯಾಪಿನಿಂದ ನಕ್ಷೆ ತೆಗೆದು, 1:1000 ಪ್ರಮಾಣದಲ್ಲಿ ಎ1 ಹಾಳೆಗೆ ಮುದ್ರಿಸಿ. ಎ1 ಎಂದರೆ 84 × 59 ಸೆಂಟಿಮೀಟರ್, ನೆಲದ ಮೇಲೆ ಸುಮಾರು 840 × 590 ಮೀಟರ್. 1 ಸೆಂಟಿಮೀಟರಿಗೆ 10 ಮೀಟರ್ ಎನ್ನುವ ಲೆಕ್ಕ ಆರನೇ ತರಗತಿಯವರಿಗೂ ಬಾಯಿಗೆ ಬರುತ್ತದೆ. ಗುಂಪಿಗೊಂದು ಪ್ರತಿ ಬೇಕು. ಅಗ್ಗವೆಂದು ಫ್ಲೆಕ್ಸ್ ಮೇಲೆ ಹಾಕಿಸಬೇಡಿ, ಸ್ಕೆಚ್ ಪೆನ್ನಿನ ಶಾಯಿ ಅದಕ್ಕೆ ಹಿಡಿಯುವುದಿಲ್ಲ, ಕೈ ತಾಗಿದರೆ ಅಳಿಸಿಹೋಗುತ್ತದೆ.

‘3ನೇ ಮೇನ್, 7ನೇ ಕ್ರಾಸ್’ ಮಕ್ಕಳಿಗೆ ಏನೂ ಹೇಳುವುದಿಲ್ಲ. ಹಿಟ್ಟಿನ ಗಿರಣಿ, ಅರಳಿಕಟ್ಟೆ, ಮಸೀದಿ, ನ್ಯಾಯಬೆಲೆ ಅಂಗಡಿ, ನಾಯಿ ಇರುವ ಗೇಟು — ಇವನ್ನು ಮೊದಲು ಮಕ್ಕಳೇ ಗುರುತು ಹಾಕಲಿ. ಆಮೇಲೆ ಪ್ರತಿಯೊಬ್ಬರೂ ತಾವು ಶಾಲೆಗೆ ಬರುವ ದಾರಿ ಎಳೆಯಲಿ: ಇಷ್ಟದ ದಾರಿ ಹಸಿರು, ವಿಧಿಯಿಲ್ಲದೆ ಬರುವ ದಾರಿ ನೀಲಿ, ಹೆದರಿಕೆಯ ಜಾಗ ಕೆಂಪು. ಮನೆಯ ಜಾಗಕ್ಕೆ ಚುಕ್ಕೆ ಇಡಿಸಬೇಡಿ, ಬೀದಿಯ ತುದಿಯಿಂದ ಗೆರೆ ಶುರುವಾದರೆ ಸಾಕು. ಈ ಹಾಳೆ ನಾಳೆ ಹತ್ತು ಜನರ ಕೈಗೆ ಹೋಗುತ್ತದೆ, ಯಾವ ಹುಡುಗಿ ಯಾವ ಮನೆಯಿಂದ ಎಷ್ಟು ಹೊತ್ತಿಗೆ ಹೊರಡುತ್ತಾಳೆ ಎನ್ನುವುದು ಅದರಲ್ಲಿ ಇರಬಾರದು.

ಈ ಮೊದಲ ನಕ್ಷೆಯನ್ನು ಹುಡುಗರು, ಹುಡುಗಿಯರು ಬೇರೆ ಬೇರೆ ಹಾಳೆಯಲ್ಲಿ ಮಾಡಲಿ. ಎರಡನ್ನೂ ಟ್ರೇಸಿಂಗ್ ಪೇಪರಿಗೆ ಇಳಿಸಿ ಒಂದರ ಮೇಲೊಂದು ಇಟ್ಟು ಕಿಟಕಿಯ ಬೆಳಕಿಗೆ ಹಿಡಿಯಿರಿ. ಹುಡುಗರ ಹಾಳೆಯಲ್ಲಿ ಹಸಿರಾಗಿರುವ ಮೈದಾನದ ಮೂಲೆ ಹುಡುಗಿಯರ ಹಾಳೆಯಲ್ಲಿ ಕೆಂಪಾಗಿರುವುದು ಅಪರೂಪವಲ್ಲ. ಆಯುಕ್ತರ ಮೇಜಿನ ಮೇಲೆ ಇಡಲು ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ನಡಿಗೆ

ಎರಡನೇ ಮತ್ತು ಮೂರನೇ ಬೈಠಕ್ ರಸ್ತೆಯಲ್ಲಿಯೇ. ಒಂದು ನಡಿಗೆ ಶಾಲೆ ಶುರುವಾಗುವ ಹೊತ್ತಿಗೆ, ಇನ್ನೊಂದು ಶಾಲೆ ಬಿಡುವ ಹೊತ್ತಿಗೆ. ಬೀದಿದೀಪದ ವಿಷಯವಿದ್ದರೆ ಪೋಷಕರ ಜೊತೆ ಸಂಜೆ ಏಳರ ಸುಮಾರಿಗೆ ಮತ್ತೊಂದು. ಗುಂಪಿನಲ್ಲಿ ಕೆಲಸ ಹಂಚಿ: ಟೇಪು ಹಿಡಿಯುವವರು ಇಬ್ಬರು, ಬರೆಯುವವರು ಒಬ್ಬರು, ಎಣಿಸುವವರು ಒಬ್ಬರು, ಫೋಟೋಕ್ಕೆ ಒಬ್ಬರು. ಪ್ರತಿ 50 ಮೀಟರಿಗೆ ನಿಂತು ಇವನ್ನು ಬರೆಯಬೇಕು:

- ಫುಟ್‌ಪಾತಿನ ಅಗಲ, ಅತಿ ಕಿರಿದಾದ ಕಡೆ. ಕಂಬ, ಟ್ರಾನ್ಸ್‌ಫಾರ್ಮರ್, ಮರದ ಕಟ್ಟೆ ಕಳೆದು ನಡೆಯಲು ಉಳಿಯುವಷ್ಟು ಮಾತ್ರ
- ರಸ್ತೆಯಿಂದ ಫುಟ್‌ಪಾತಿನ ಎತ್ತರ
- ಇಲ್ಲದ, ಮುರಿದ, ಅಲ್ಲಾಡುವ ಸ್ಲ್ಯಾಬುಗಳು, ಸಂದಿನ ಅಳತೆ
- ನೀರು ನಿಂತ ಕಡೆ ಆಳ, ಕೋಲಿನಿಂದ
- 10 ನಿಮಿಷದಲ್ಲಿ ಫುಟ್‌ಪಾತ್ ಬಿಟ್ಟು ರಸ್ತೆಗಿಳಿದವರು ಎಷ್ಟು, ಫುಟ್‌ಪಾತ್ ಹತ್ತಿದ ಸ್ಕೂಟರ್ ಎಷ್ಟು
- ರಸ್ತೆ ದಾಟಲು ಕಾದ ಸಮಯ, ದಾಟಿದ ಸಮಯ

ಹೋಲಿಸಲು ಮಟ್ಟವೂ ಇದೆ. ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 103 ಮಾರ್ಗಸೂಚಿಯ 2012ರ ಆವೃತ್ತಿಯಲ್ಲಿ ನಡೆಯಲು ಕನಿಷ್ಠ 1.8 ಮೀಟರ್ ಅಗಲ, ತಲೆಯ ಮೇಲೆ 2.2 ಮೀಟರ್ ತೆರವು ಇರಬೇಕು ಎಂದಿತ್ತು. ರಸ್ತೆಯಿಂದ ಎತ್ತರ 150 ಮಿಲಿಮೀಟರ್ ಮೀರಬಾರದು ಎಂದೂ ಇತ್ತು. ‘ಫುಟ್‌ಪಾತ್ ಸರಿಯಿಲ್ಲ’ ಅಂದರೆ ಎಂಜಿನಿಯರ್ ತಲೆಯಾಡಿಸಿ ಸುಮ್ಮನಾಗುತ್ತಾರೆ. ‘ಬೇಕರಿ ಮುಂದೆ 0.6 ಮೀಟರ್ ಉಳಿದಿದೆ, ಎತ್ತರ 280 ಮಿಲಿಮೀಟರ್ ಇದೆ’ ಅಂದರೆ ತಮ್ಮದೇ ಭಾಷೆಯಲ್ಲಿ ಉತ್ತರಿಸಬೇಕಾಗುತ್ತದೆ.

ಈಗ ಕೋಲಿನ ವಿಷಯ. 95 ಸೆಂಟಿಮೀಟರ್ ಎಂದರೆ ಸುಮಾರು ಮೂರು ವರ್ಷದ ಮಗುವಿನ ಎತ್ತರ. ನಗರವನ್ನು ಪುಟ್ಟ ಮಕ್ಕಳ ಎತ್ತರದಿಂದ ನೋಡುವ, ಬರ್ನಾರ್ಡ್ ವ್ಯಾನ್ ಲೀರ್ ಫೌಂಡೇಶನ್ನಿನ ‘ಅರ್ಬನ್95’ ಕಾರ್ಯಕ್ರಮದ ಹೆಸರು ಇದೇ ಅಳತೆಯಿಂದ ಬಂದದ್ದು. ನಮ್ಮ ದೇಶದಲ್ಲಿ ಉದಯಪುರ ಅದರಲ್ಲಿ ಕೈಜೋಡಿಸಿತು. ಕೋಲಿನ ತುದಿಗೆ ಫೋನು ಕಟ್ಟಿ ಅದೇ ಎತ್ತರದಲ್ಲಿ ಫೋಟೋ ತೆಗೆಸಿ. ಸಾಲಾಗಿ ನಿಲ್ಲಿಸಿದ ಸ್ಕೂಟರುಗಳ ಹಿಂದಿನಿಂದ ತೆಗೆದ ಚಿತ್ರದಲ್ಲಿ ರಸ್ತೆಯೇ ಕಾಣುವುದಿಲ್ಲ. ಸೀಟು, ಕನ್ನಡಿಯ ಕಂಬಿ, ಯಾರದೋ ಕೈಚೀಲ ಅಷ್ಟೇ. ತಮ್ಮನನ್ನು ಅಂಗನವಾಡಿಗೆ ಕರೆದೊಯ್ಯುವ ಹನ್ನೆರಡರ ಹುಡುಗಿಗೆ ಈ ಚಿತ್ರದ ಬಗ್ಗೆ ಹೇಳಲು ಬೇಕಾದಷ್ಟಿರುತ್ತದೆ. ಅವಳ ಮಾತನ್ನು ಅವಳ ಪದದಲ್ಲೇ ಫೋಟೋದ ಕೆಳಗೆ ಬರೆಯಿರಿ.

ಗೇಟಿನ ಮುಂದೆ ಕಾದು ನಿಂತು ಬೇಸರವಾದಾಗ ಮಕ್ಕಳು ಎಣಿಕೆಯನ್ನು ಸುಮ್ಮನೆ ಊಹಿಸಿ ಬರೆಯುವುದುಂಟು. ಇಬ್ಬರು ಬೇರೆ ಬೇರೆ ಎಣಿಸಿ ಕೊನೆಯಲ್ಲಿ ತಾಳೆ ನೋಡಲಿ. ಹತ್ತಕ್ಕೆ ಒಂದಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಮತ್ತೆ ಎಣಿಸಬೇಕು.

ಏನು ಬೇಕು ಅಂತ ಕೇಳಬೇಡಿ

‘ಪಾರ್ಕಿನಲ್ಲಿ ಏನು ಬೇಕು’ ಅಂದರೆ ಸ್ವಿಮ್ಮಿಂಗ್ ಪೂಲ್, ರೋಲರ್ ಕೋಸ್ಟರ್, ಐಸ್‌ಕ್ರೀಂ ಅಂಗಡಿ ಬರುತ್ತವೆ. ಮಕ್ಕಳ ತಪ್ಪಲ್ಲ, ಪ್ರಶ್ನೆಯೇ ತಪ್ಪು. ವಸ್ತುವಿನ ಬದಲು ಕೆಲಸದ ಬಗ್ಗೆ ಕೇಳಬೇಕು. ಮಾತು ಹೀಗೆ ಸಾಗಲಿ:

“ಅಕ್ಕ, ಸ್ವಿಮ್ಮಿಂಗ್ ಪೂಲ್ ಬೇಕು.”
“ಬಂತು ಅಂದ್ಕೊ. ಯಾವಾಗ ಹೋಗ್ತೀಯ?”
“ಮಧ್ಯಾಹ್ನ. ರಜಾ ದಿನ.”
“ಈಗ ರಜಾ ದಿನ ಮಧ್ಯಾಹ್ನ ಎಲ್ಲಿರ್ತೀಯ?”
“ಮನೇಲೇ. ಪಾರ್ಕ್ ಗೇಟ್ ಹಾಕಿರ್ತಾರೆ. ತೆಗೆದಿದ್ರೂ ನೆರಳಿಲ್ಲ, ಜಾರುಬಂಡೆ ಕಾದಿರುತ್ತೆ.”

ಪೂಲ್ ಹೋಯಿತು, ಮೂರು ನಿಜವಾದ ಬೇಡಿಕೆ ಸಿಕ್ಕಿತು: ಗೇಟಿನ ಸಮಯ, ನೆರಳು, ತಗಡಿನ ಜಾರುಬಂಡೆಯ ಜಾಗ. ಮೊದಲನೆಯದಕ್ಕೆ ಒಂದು ರೂಪಾಯಿಯೂ ಬೇಡ, ಒಂದು ಆದೇಶ ಸಾಕು. ಇಂಥ ಖರ್ಚಿಲ್ಲದ ಬೇಡಿಕೆಗಳನ್ನು ಬೇರೆ ಪಟ್ಟಿ ಮಾಡಿ. ‘ಇಲ್ಲಿ ಆಟ ಆಡಬಾರದು’ ಎನ್ನುವ ಫಲಕ ತೆಗೆಸುವುದೂ ಅದೇ ಪಟ್ಟಿಗೆ ಸೇರುತ್ತದೆ; ಮಕ್ಕಳಿಗಾಗಿ ಬಿಟ್ಟ ಜಾಗದಲ್ಲಿ ಅಂಥ ಫಲಕ ನೆಡುವ ಧೈರ್ಯ ನಮ್ಮ ಊರುಗಳಿಗೆ ಎಲ್ಲಿಂದ ಬಂತೋ.

ಹುಡುಗಿಯರ ವಿಷಯದಲ್ಲಿ ವಿಯೆನ್ನಾದ ಉದಾಹರಣೆ ಎಂಜಿನಿಯರುಗಳ ಮುಂದೆ ಇಡಲು ಒಳ್ಳೆಯದು. ಹತ್ತು ವರ್ಷ ದಾಟುತ್ತಿದ್ದಂತೆ ಹುಡುಗಿಯರು ಪಾರ್ಕಿಗೆ ಬರುವುದು ಕಡಿಮೆಯಾಗುತ್ತದೆ ಎನ್ನುವುದು 1990ರ ದಶಕದ ಅಧ್ಯಯನದಲ್ಲಿ ಅಲ್ಲಿಯವರಿಗೆ ಗೊತ್ತಾಯಿತು. ಒಂದೇ ದೊಡ್ಡ ಬಯಲಿದ್ದರೆ ಬಾಲ್ ಆಡುವ ಗುಂಪೊಂದು ಅದನ್ನೆಲ್ಲ ಹಿಡಿದುಬಿಡುತ್ತದೆ. 1999ರ ಹೊತ್ತಿಗೆ ಐನ್‌ಜೀಡ್ಲರ್ ಪಾರ್ಕಿನಂಥ ಕಡೆ ಬಯಲನ್ನು ಸಣ್ಣ ಸಣ್ಣ ಭಾಗ ಮಾಡಿದರು, ಕಾಲುದಾರಿ, ಕೂರುವ ಜಾಗ, ಬೇರೆ ಆಟಗಳಿಗೆ ಅಂಕಣ ಸೇರಿಸಿದರು, ಹುಡುಗಿಯರು ಮತ್ತೆ ಬಂದರು. ಕ್ರಿಕೆಟ್ಟೇ ಸರ್ವಸ್ವವಾಗಿರುವ ನಮ್ಮ ಮೈದಾನಗಳಿಗೆ ಇದು ಇನ್ನೂ ಹೆಚ್ಚು ಒಪ್ಪುತ್ತದೆ.

ಕಟ್ಟಡದ ವಿಷಯ ಬಂದರೆ, ಹೊಸ ಶೌಚಾಲಯವೋ ಕೈತೊಳೆಯುವ ತೊಟ್ಟಿಯೋ ಆದರೆ, ಮಕ್ಕಳು ತಮ್ಮ ಮೈಯನ್ನೇ ಅಳೆಯಲಿ. ಒಂದನೇ ತರಗತಿಯ ಅತಿ ಗಿಡ್ಡ ಮಗು ಗೋಡೆಗೆ ಒರಗಿ ನಿಂತಾಗ ಮೊಣಕೈ ಎಲ್ಲಿಗೆ ಬರುತ್ತದೆ ಎಂದು ಸೀಮೆಸುಣ್ಣದಲ್ಲಿ ಗೆರೆ ಹಾಕಿ. ತೊಟ್ಟಿಯ ಅಂಚು ಅದಕ್ಕಿಂತ ಕೆಳಗಿರಬೇಕು, ಇಲ್ಲದಿದ್ದರೆ ನೀರು ತೋಳಿನಲ್ಲಿ ಇಳಿದು ಅಂಗಿ ನೆನೆಯುತ್ತದೆ. ಚಿಲಕದ ಎತ್ತರ, ಕುಳಿತಾಗ ಕಿಟಕಿಯ ಹೊರಗೆ ಕಾಣುತ್ತದೆಯೋ ಇಲ್ಲವೋ ಎನ್ನುವುದನ್ನೂ ಹೀಗೆಯೇ ನೋಡಿ. ಹುಡುಗಿಯರ ಗುಂಪು ಒಬ್ಬಳು ಶಿಕ್ಷಕಿಯ ಜೊತೆ ಬೇರೆಯಾಗಿ ಕೂತು ಶೌಚಾಲಯದ ಪಟ್ಟಿ ಮಾಡಲಿ. ಒಳಗಡೆ ಚೀಲ ನೇತುಹಾಕುವ ಕೊಕ್ಕೆ, ಮುಚ್ಚಳದ ಕಸದ ಡಬ್ಬಿ, ಒಳಗಿನಿಂದ ಬೀಳುವ ಚಿಲಕ, ಹುಡುಗರ ಶೌಚಾಲಯದ ಮುಂದೆ ಹಾದುಹೋಗದ ದಾರಿ. ಇವೆಲ್ಲ ಸೇರಿದರೂ ಕಟ್ಟಡದ ವೆಚ್ಚದಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ನಕ್ಷೆಯಲ್ಲಿ ಇಲ್ಲದ ಕಾರಣಕ್ಕೇ ಬಿಟ್ಟುಹೋಗುತ್ತವೆ.

ರಟ್ಟಿನ ಮಾದರಿ, ನೆಲದ ಮೇಲಿನ ಗೆರೆ

ನಾಲ್ಕನೇ ಬೈಠಕ್‌ನಲ್ಲಿ 1:50ರ ಮಾದರಿ. 30 × 40 ಮೀಟರಿನ ಪಾರ್ಕು 60 × 80 ಸೆಂಟಿಮೀಟರ್ ಆಗುತ್ತದೆ, ಆರು ಜನ ಸುತ್ತ ನಿಲ್ಲಬಹುದು. ಎಲ್ಲಕ್ಕಿಂತ ಮೊದಲು ರಟ್ಟಿನಲ್ಲಿ ಮನುಷ್ಯರನ್ನು ಕತ್ತರಿಸಬೇಕು: 2.4 ಸೆಂಟಿಮೀಟರ್ ಎತ್ತರದ ಮಕ್ಕಳು, 3.3 ಸೆಂಟಿಮೀಟರಿನ ದೊಡ್ಡವರು. ಬೊಂಬೆಗಳಿಲ್ಲದೆ ಶುರು ಮಾಡಿದರೆ ಉಯ್ಯಾಲೆ ಮನೆಯಷ್ಟು ಎತ್ತರವಾಗುತ್ತದೆ, ಬೆಂಚು ಬಸ್ಸಿನಷ್ಟು ಉದ್ದವಾಗುತ್ತದೆ. ಬೊಂಬೆ ಪಕ್ಕದಲ್ಲಿದ್ದರೆ ಮಕ್ಕಳೇ ನಕ್ಕು ತಿದ್ದಿಕೊಳ್ಳುತ್ತಾರೆ.

ಕಂಪ್ಯೂಟರಿನಲ್ಲಿ ಮಾಡಿಸಬಾರದೇ ಎಂದು ಕೇಳುವವರಿದ್ದಾರೆ. ವಿಶ್ವಸಂಸ್ಥೆಯ ಯುಎನ್-ಹ್ಯಾಬಿಟಾಟ್ 2012ರಿಂದ ‘ಬ್ಲಾಕ್ ಬೈ ಬ್ಲಾಕ್’ ಹೆಸರಿನಲ್ಲಿ ಮೈನ್‌ಕ್ರಾಫ್ಟ್ ಎಂಬ ಕಂಪ್ಯೂಟರ್ ಆಟ ಬಳಸಿ ಊರಿನ ತೆರೆದ ಜಾಗಗಳನ್ನು ಜನರಿಂದ ವಿನ್ಯಾಸ ಮಾಡಿಸುತ್ತಿದೆ. ಮಕ್ಕಳಿಗೆ ಹುರುಪು ಬರುವುದು ನಿಜ. ಆದರೆ ಒಂದು ಲ್ಯಾಪ್‌ಟಾಪಿಗೆ ಐದು ಮಕ್ಕಳಿದ್ದರೆ ಆಟ ಗೊತ್ತಿರುವ ಒಬ್ಬ ಹುಡುಗನೇ ಕೀಲಿಮಣೆ ಹಿಡಿಯುತ್ತಾನೆ. ಅದರ ಮೇಲೆ, ಆ ಆಟದ ಒಂದು ಬ್ಲಾಕ್ ಎಂದರೆ 1 ಮೀಟರ್, 1.8 ಮೀಟರಿನ ಫುಟ್‌ಪಾತ್, 15 ಸೆಂಟಿಮೀಟರಿನ ಮೆಟ್ಟಿಲು ಅದರಲ್ಲಿ ತೋರಿಸಲಾಗುವುದಿಲ್ಲ. ಪಾರ್ಕಿನ ಒಟ್ಟು ಹಂಚಿಕೆಗೆ ಆದೀತು, ರಸ್ತೆಗೆ ಬೇಡ.

ಮಾದರಿ ಮುಗಿದ ಮೇಲೆ ಅದರ ಒಂದು ಭಾಗವನ್ನು ಆಟದ ಮೈದಾನದಲ್ಲಿ ನಿಜ ಅಳತೆಗೆ ಎಳೆಯಿರಿ. ಖೋ-ಖೋ ಅಂಕಣಕ್ಕೆ ಗೆರೆ ಹಾಕಿದಂತೆಯೇ, ಆದರೆ ಸುಣ್ಣದ ಬದಲು ರಂಗೋಲಿ ಪುಡಿ ಬಳಸಿ, ಸುಣ್ಣ ಕಣ್ಣಿಗೆ ಹಾರಿದರೆ ಅಪಾಯ. ಗೆರೆಗಳ ಒಳಗೆ ಬೆನ್ನಿಗೆ ಚೀಲ ಹಾಕಿದ ಇಬ್ಬರು ಅಕ್ಕಪಕ್ಕ ನಡೆಯಲಿ, ಎದುರಿನಿಂದ ಒಬ್ಬರು ಸೈಕಲ್ ತಳ್ಳಿಕೊಂಡು ಬರಲಿ. ಗಾಲಿಕುರ್ಚಿ ಸಿಕ್ಕರೆ ತಂದು ತಿರುಗಿಸಿ ನೋಡಿ. ರ್‍ಯಾಂಪಿನ ಇಳಿಜಾರು 1:12 ಎಂದರೆ 45 ಸೆಂಟಿಮೀಟರ್ ಏರಲು 5.4 ಮೀಟರ್ ಉದ್ದ ಬೇಕು. ನೆಲದ ಮೇಲೆ ಎಳೆದಾಗಲೇ ಜಾಗ ಸಾಲದು ಎನ್ನುವುದು ಎಲ್ಲರಿಗೂ ಹೊಳೆಯುತ್ತದೆ.

ಹುಣಿಸೆ ಬೀಜದ ಬಜೆಟ್

ಐದನೇ ಬೈಠಕ್ ಬಜೆಟ್ಟಿಗೆ. ಎಲ್ಲವೂ ಬೇಕು ಎನ್ನುವ ಪಟ್ಟಿಗೆ ಕಚೇರಿಯಲ್ಲಿ ಬೆಲೆಯಿಲ್ಲ. ಸ್ಲ್ಯಾಬಿಗೆ ಎಷ್ಟು, ದೀಪದ ಕಂಬಕ್ಕೆ ಎಷ್ಟು, ಬೆಂಚಿಗೆ, ಬೇಲಿ ಸಹಿತ ಗಿಡಕ್ಕೆ ಎಷ್ಟು ಎಂದು ಜೆಇಯಿಂದ ಎಸ್‌ಆರ್ ದರ (ಇಲಾಖೆಯ ದರಪಟ್ಟಿಯ ಬೆಲೆ) ಬರೆಸಿಕೊಳ್ಳಿ. ಇಂಟರ್‌ನೆಟ್ಟಿನ ಬೆಲೆ ಹಾಕಬೇಡಿ, ಆ ಲೆಕ್ಕವನ್ನು ಕಚೇರಿಯಲ್ಲಿ ಯಾರೂ ಒಪ್ಪುವುದಿಲ್ಲ. ಒಂದು ಬೀಜಕ್ಕೆ ಇಂತಿಷ್ಟು ಸಾವಿರ ಎಂದು ನಿಗದಿ ಮಾಡಿ, ತಲೆಗೆ 20 ಬೀಜ ಕೊಟ್ಟು, ಪ್ರತಿ ಬೇಡಿಕೆಯ ಮುಂದೆ ಒಂದು ಲೋಟ ಇಡಿ. ಎಲ್ಲ ಬೇಡಿಕೆಗಳ ಒಟ್ಟು ಬೆಲೆ ಕೈಯಲ್ಲಿರುವ ಬೀಜಗಳ ಎರಡೂವರೆ ಪಟ್ಟಾದರೂ ಇರಬೇಕು, ಇಲ್ಲದಿದ್ದರೆ ಆರಿಸುವ ಪ್ರಮೇಯವೇ ಬರುವುದಿಲ್ಲ. ಮೊದಲ ಸುತ್ತಿನ ನಂತರ ವಾದ ಮಾಡಲು ಹದಿನೈದು ನಿಮಿಷ ಬಿಟ್ಟು ಮತ್ತೆ ಹಾಕಿಸಿ. ಎರಡನೇ ಸುತ್ತಿನಲ್ಲಿ ಬೀಜ ಎಲ್ಲಿಂದ ಎಲ್ಲಿಗೆ ಸರಿಯಿತು, ಯಾರ ಮಾತಿನಿಂದ ಸರಿಯಿತು ಎಂದು ಬರೆದಿಡಿ. ಲೋಟದ ಬಾಯಿ ಮುಚ್ಚಿರಲಿ. ಬೇರೆಯವರ ಬೀಜ ಕಂಡರೆ ಚಿಕ್ಕವರು ದೊಡ್ಡವರ ಲೋಟಕ್ಕೇ ಹಾಕುತ್ತಾರೆ.

ಮನವಿ

ಒಂದು ಬೇಡಿಕೆಗೆ ಒಂದೇ ಪುಟ. ಜಾಗ, ಅಳತೆ, ಫೋಟೋ, ಏನು ಆಗಬೇಕು, ಎಷ್ಟು. ಮಾದರಿಗೆ:

“ಶಾಲೆಯ ಮುಖ್ಯ ಗೇಟಿನಿಂದ ಹಿಟ್ಟಿನ ಗಿರಣಿ ತಿರುವಿನವರೆಗೆ, ರಸ್ತೆಯ ಎಡಬದಿ, 140 ಮೀಟರ್. ಚರಂಡಿಯ ಮೇಲೆ 11 ಕಡೆ ಸ್ಲ್ಯಾಬ್ ಇಲ್ಲ (ಫೋಟೋ 1ರಿಂದ 11). ಬೆಳಿಗ್ಗೆ 10 ನಿಮಿಷದಲ್ಲಿ 46 ಮಕ್ಕಳು ರಸ್ತೆಗೆ ಇಳಿದು ನಡೆದರು. 11 ಸ್ಲ್ಯಾಬ್ ಹಾಕಿಸಬೇಕು, 3ನೇ ಕಂಬದ ಹತ್ತಿರದ ಮೆಟ್ಟಿಲಿಗೆ ಇಳಿಜಾರು ಮಾಡಿಸಬೇಕು.”

ಯಾರಿಗೆ ಬರೆಯಬೇಕು ಎನ್ನುವಲ್ಲೇ ಹೆಚ್ಚಿನ ಮನವಿಗಳು ಸಾಯುತ್ತವೆ. ವಾರ್ಡಿನ ರಸ್ತೆ, ಫುಟ್‌ಪಾತ್, ಪಾರ್ಕು, ಬೀದಿದೀಪ ನಗರ ಸಂಸ್ಥೆಯದು. ಅದೇ ರಸ್ತೆ ರಾಜ್ಯ ಹೆದ್ದಾರಿಯಾಗಿದ್ದರೆ ಲೋಕೋಪಯೋಗಿ ಇಲಾಖೆ. ಟ್ರಾನ್ಸ್‌ಫಾರ್ಮರ್, ಜೋತುಬಿದ್ದ ತಂತಿ ಬೆಸ್ಕಾಂ, ಹೆಸ್ಕಾಂ, ಮೆಸ್ಕಾಂ, ನಿಮ್ಮ ಭಾಗದ್ದು ಯಾವುದೋ ಅದಕ್ಕೆ. ಒಳಚರಂಡಿ ಬೆಂಗಳೂರಿನಲ್ಲಿ ಜಲಮಂಡಳಿ. ಬಸ್ಸಿನ ನಿಲುಗಡೆ ಸಾರಿಗೆ ನಿಗಮ. ಸಿಗ್ನಲ್, ಪಾರ್ಕಿಂಗ್ ನಿಷೇಧ ಸಂಚಾರ ಪೊಲೀಸ್. ಬಡಾವಣೆ ಇನ್ನೂ ಹಸ್ತಾಂತರವಾಗಿಲ್ಲವೆಂದರೆ ನಗರಾಭಿವೃದ್ಧಿ ಪ್ರಾಧಿಕಾರ. ಒಂದೇ ಪತ್ರದಲ್ಲಿ ಎಲ್ಲರನ್ನೂ ಸೇರಿಸಿದರೆ ಪ್ರತಿಯೊಬ್ಬರೂ ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಬೆಂಗಳೂರಿನವರು ಇನ್ನೊಂದು ನೋಡಿಕೊಳ್ಳಿ: 2025ರ ಸೆಪ್ಟೆಂಬರಿನಿಂದ ಬಿಬಿಎಂಪಿ ಜಾಗದಲ್ಲಿ ಐದು ನಗರ ಪಾಲಿಕೆಗಳಿವೆ. ಹಳೆಯ ವಿಳಾಸ ಹಾಕಿದ ಪತ್ರ ಮೇಜಿಂದ ಮೇಜಿಗೆ ಸುತ್ತುತ್ತದೆ.

ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸೀಲು, ದಿನಾಂಕ, ಆವಕ ಸಂಖ್ಯೆ ಹಾಕಿಸಿಕೊಳ್ಳಿ. ಸ್ವೀಕೃತಿ ಇಲ್ಲದ ಮನವಿ ಕೊಟ್ಟೂ ಕೊಡದಂತೆ.

ಸಭೆ

ಆರನೆಯ ಬೈಠಕ್ ಅಧಿಕಾರಿಗಳ ಜೊತೆ. ಅವರು ಶಾಲೆಗೆ ಬರುವಂತೆ ಮಾಡಿ, ಪಾಲಿಕೆಯ ಸಭಾಂಗಣದಲ್ಲಿ ಮಕ್ಕಳ ದನಿ ಅರ್ಧಕ್ಕೆ ಇಳಿಯುತ್ತದೆ. ಯಾರನ್ನು ಕರೆಯಬೇಕು? ಸಹಿ ಹಾಕುವವರನ್ನು. ಶಾಸಕರು ಬಂದರೆ ಸಂತೋಷ, ಆದರೆ ಎಇಇ (ಸಹಾಯಕ ಕಾರ್ಯಪಾಲಕ ಎಂಜಿನಿಯರ್) ಬರದಿದ್ದರೆ ದಿನಾಂಕ ಮುಂದೂಡಿ. ಹಾರ, ಶಾಲು, ಪ್ರಾರ್ಥನೆ, ಸ್ವಾಗತ ನೃತ್ಯ ಬಿಟ್ಟರೆ ನಲವತ್ತು ನಿಮಿಷ ಉಳಿಯುತ್ತದೆ. ಕುರ್ಚಿಗಳನ್ನು ವೃತ್ತಾಕಾರವಾಗಿ ಹಾಕಿ, ನಡುವೆ ಮಾದರಿ ಇಡಿ.

ಒಬ್ಬರೇ ಎಲ್ಲ ಓದುವುದು ಬೇಡ, ಪ್ರತಿ ಬೇಡಿಕೆಯನ್ನು ಅದನ್ನು ಅಳೆದ ಗುಂಪೇ ಹೇಳಲಿ. ಶಿಕ್ಷಕರು ಬಾಯಿಪಾಠ ಮಾಡಿಸಿದ್ದರೆ ಮೊದಲ ಮರುಪ್ರಶ್ನೆಗೇ ಸಿಕ್ಕಿಬೀಳುತ್ತದೆ. ಅಳೆದವರಿಗೆ ಮರುಪ್ರಶ್ನೆ ಕಷ್ಟವಲ್ಲ. ಉತ್ತರಗಳನ್ನು ಗೋಡೆಯ ಹಾಳೆಯಲ್ಲಿ ಮೂರು ಕಾಲಮಿನಲ್ಲಿ ಮಕ್ಕಳೇ ಬರೆಯಲಿ: ಆಗುತ್ತದೆ, ಯಾವಾಗ; ಆಗುವುದಿಲ್ಲ, ಯಾಕೆ; ನಮ್ಮದಲ್ಲ, ಯಾರದು. ‘ನೋಡೋಣ’ ಎನ್ನುವುದಕ್ಕೆ ಕಾಲಮಿಲ್ಲ. ಕೊನೆಯಲ್ಲಿ ಆ ಹಾಳೆಗೆ ಅಧಿಕಾರಿ ಸಹಿ ಹಾಕಿ ದಿನಾಂಕ ಬರೆಯಬೇಕು. ಆರು ತಿಂಗಳಲ್ಲಿ ವರ್ಗಾವಣೆ ಆದರೆ ಬಾಯಿಮಾತು ಅವರ ಜೊತೆಯೇ ಹೋಗುತ್ತದೆ. ಆಗುವುದಿಲ್ಲ ಎಂದರೆ ಮಕ್ಕಳು ಬೇಸರ ಮಾಡಿಕೊಳ್ಳುತ್ತಾರೆಂದು ದೊಡ್ಡವರು ಮಧ್ಯೆ ಬಾಯಿ ಹಾಕಿ ಸಮಾಧಾನ ಹೇಳುವುದುಂಟು. ಬೇಡ. ಕೆಳಗೆ ನೀರಿನ ಕೊಳವೆ ಇದೆ, ಅದಕ್ಕೇ ಅಲ್ಲಿ ಮರ ನೆಡಲಾಗದು ಎನ್ನುವ ನೇರ ಉತ್ತರ ಮಕ್ಕಳಿಗೆ ಅರ್ಥವಾಗುತ್ತದೆ. ಕಾರಣವಿಲ್ಲದ ಮೌನ ಅರ್ಥವಾಗುವುದಿಲ್ಲ.

ಆಮೇಲೆ

ತಿಂಗಳೊಳಗೆ ಲಿಖಿತ ಉತ್ತರ ಬರದಿದ್ದರೆ ನೆನಪಿನ ಪತ್ರ. ಅದಕ್ಕೂ ಇಲ್ಲವೆಂದರೆ ಎಸ್‌ಡಿಎಂಸಿಯ ದೊಡ್ಡವರೊಬ್ಬರು 10 ರೂಪಾಯಿ ಶುಲ್ಕದ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಲಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು, ಅದಕ್ಕೇ ‘ಆವಕ ಸಂಖ್ಯೆ ಇಷ್ಟರ ಮನವಿಯ ಮೇಲೆ ಕೈಗೊಂಡ ಕ್ರಮದ ಕಡತದ ಪ್ರತಿ’ ಎಂದಷ್ಟೇ ಕೇಳಿ. 30 ದಿನದಲ್ಲಿ ಉತ್ತರ ಬರಬೇಕು.

ಕೆಲಸ ಮಂಜೂರಾದರೆ ಗುತ್ತಿಗೆದಾರ ಮಾರ್ಕಿಂಗ್ ಮಾಡುವ ದಿನ ಯಾವುದು ಎಂದು ಜೆಇಯಿಂದ ತಿಳಿದುಕೊಂಡು ನಾಲ್ಕೈದು ಮಕ್ಕಳನ್ನು ಟೇಪಿನ ಜೊತೆ ಕರೆದೊಯ್ಯಿರಿ. ನಕ್ಷೆಯಲ್ಲಿ 1.8 ಮೀಟರ್ ಇದ್ದದ್ದು ನೆಲದ ಮೇಲೆ 1.2 ಆಗುವುದು ಆ ಬೆಳಿಗ್ಗೆಯೇ. ಕಾಂಕ್ರೀಟ್ ಬಿದ್ದ ಮೇಲೆ ಅಳೆದು ಪ್ರಯೋಜನವಿಲ್ಲ. ಕೆಲಸ ಮುಗಿದು ಎರಡು ತಿಂಗಳ ನಂತರ ಅದೇ ಜಾಗದಲ್ಲಿ, ಅದೇ ಹೊತ್ತಿಗೆ, ಅದೇ 10 ನಿಮಿಷದ ಎಣಿಕೆ ಮತ್ತೊಮ್ಮೆ ಮಾಡಿ. ರಸ್ತೆಗಿಳಿಯುವ ಮಕ್ಕಳ ಸಂಖ್ಯೆ ಇಳಿದಿಲ್ಲವೆಂದರೆ ಹೊಸ ಫುಟ್‌ಪಾತ್ ಮೇಲೆ ಏನೋ ನಿಂತಿದೆ ಎಂದರ್ಥ. ಮುಂದಿನ ವರ್ಷದ ಮೊದಲ ಮನವಿ ಅದೇ.

ಹತ್ತನೇ ತರಗತಿ ಮುಗಿಸಿದವರು ಹೋಗುವ ಮುನ್ನ ಕಡತವನ್ನು ಎಂಟನೇ ತರಗತಿಯವರ ಕೈಗೆ ಕೊಡಬೇಕು: ಸಹಿ ಇರುವ ಹಾಳೆ, ಸ್ವೀಕೃತಿಗಳು, ಅಳತೆ ಬರೆದ ನಮೂನೆಗಳು, ಟ್ರೇಸಿಂಗ್ ನಕ್ಷೆಗಳು, ಜೆಇ ಮತ್ತು ಎಇಇ ಕಚೇರಿಯ ಫೋನ್ ನಂಬರ್. ಒಂದು ಪ್ರತಿ ಶಾಲೆಯಲ್ಲಿ, ಒಂದು ಎಸ್‌ಡಿಎಂಸಿ ಅಧ್ಯಕ್ಷರ ಹತ್ತಿರ, ಇನ್ನೊಂದು ಹತ್ತಿರದ ಸಾರ್ವಜನಿಕ ಗ್ರಂಥಾಲಯದಲ್ಲಿ ಇರಲಿ. ಹೆಸರಿಲ್ಲದ ಚೀಟಿಗಳನ್ನು ಮಾತ್ರ ಕಡತಕ್ಕೆ ಸೇರಿಸಬಾರದು. ಪೊಲೀಸರಿಗೋ 1098ಕ್ಕೋ ತಿಳಿಸಬೇಕಾದ ಚೀಟಿ ಇದ್ದರೆ ಅದನ್ನು ಬೇರೆ ಲಕೋಟೆಯಲ್ಲಿ ಭದ್ರವಾಗಿಟ್ಟು, ಉಳಿದವನ್ನು ಹರಿದು ಹಾಕಿ.